ಕೊಳೆ ಎಲ್ಲಿಂದ ಶುರುವಾಯ್ತು? ನಕ್ಷೆ ಹೇಳ್ತದೆ

ಜುಲೈ ತಿಂಗಳು. ಮಳೆ ಅರ್ಧ ದಿನ ಹೊಳವಾಗಿದೆ. ಕೊನೆಗೌಡರು ಬಂದು "ಎರಡನೇ ಔಷಧಿ ಎಲ್ಲಿಂದ ಶುರು ಮಾಡಲಿ?" ಅಂತ ಕೇಳ್ತಾರೆ. ಮತ್ತೆ ಮಳೆ ಬರುವುದರೊಳಗೆ ಇಡೀ ತೋಟ ಮುಗಿಯುವುದಿಲ್ಲ. ಹಿಂದಿನ ವರ್ಷ ಕೊಳೆ ಮೊದಲು ಎಲ್ಲಿ ಕಂಡಿತ್ತು? ಕೇಳಿದರೆ ನಮ್ಮ ಉತ್ತರ ಒಂದೇ: "ತೋಟಕ್ಕೆಲ್ಲಾ ಬಂತು ಮಾರಾಯ್ರೆ!"

ಆದರೆ ಕೊಳೆ ಒಂದೇ ದಿನ ತೋಟಕ್ಕೆಲ್ಲಾ ಬರುವುದಿಲ್ಲ. ನಾಲ್ಕಾರು ಮರದಲ್ಲಿ ಕಾಣಿಸಿ, ಮಳೆಹನಿ, ಗಾಳಿಯ ಜೊತೆ ಹರಡ್ತದೆ. ಆ ಮರಗಳು ಯಾವುವು ಅನ್ನುವುದು ನೆನಪಿರುವುದಿಲ್ಲ, ಅಷ್ಟೇ.

ಲಂಡನ್ನಿನ ಪಂಪು

1854ರಲ್ಲಿ ಲಂಡನ್ನಿನ ಸೋಹೋ ಎಂಬಲ್ಲಿ ಕಾಲರಾ ಬಂದು ಸುಮಾರು ಹತ್ತು ದಿನದಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯೇ ಕಾರಣ ಅಂತ ಹೆಚ್ಚಿನವರ ನಂಬಿಕೆ. ನೀರಿನ ಮೇಲೆ ಅನುಮಾನವಿದ್ದ ಡಾ. ಜಾನ್ ಸ್ನೋ ಮನೆಗಳಿಗೆ ಹೋಗಿ ವಿಚಾರಿಸಿದರು. ಬ್ರಾಡ್ ಸ್ಟ್ರೀಟಿನ ಪಂಪಿನ ಹಿಡಿಕೆ ತೆಗೆಸಿದರು. ಆಮೇಲೆ ಬೀದಿಗಳ ನಕ್ಷೆಯಲ್ಲಿ ಒಂದೊಂದು ಸಾವಿಗೆ ಒಂದೊಂದು ಕಪ್ಪು ಗುರುತು ಹಾಕಿದರು. ಗುರುತುಗಳು ಆ ಪಂಪಿನ ಸುತ್ತಲೇ ದಟ್ಟವಾಗಿದ್ದವು. ಬರೀ ಅಂಕಿಯಲ್ಲಿ ಕಾಣದ್ದು ಚಿತ್ರದಲ್ಲಿ ಕಾಣ್ತದೆ.

ನಮ್ಮ ತೋಟದಲ್ಲಿ ಹೀಗೆ

ಮಕ್ಕಳ ಚೌಕದ ಗೆರೆಯ ಲೆಕ್ಕದ ಪುಸ್ತಕ ಸಾಕು. ಒಂದು ಮರಕ್ಕೆ ಒಂದು ಚೌಕ. ಒಂಬತ್ತು ಅಡಿ ಅಂತರವಾದರೆ ಎಕರೆಗೆ ಸುಮಾರು 550 ಮರ. ಒಂದೆರಡು ಹಾಳೆಯಲ್ಲಿ ಹಿಡಿಸ್ತದೆ. ಬಸಿಗಾಲುವೆ, ಬೆಟ್ಟದ ಮಗ್ಗುಲು, ದೊಡ್ಡ ಮರದ ನೆರಳು, ಪಕ್ಕದ ತೋಟ ಇವನ್ನೂ ಗುರುತಿಸಿ.

ವಾರಕ್ಕೊಮ್ಮೆ ತೋಟ ಸುತ್ತಿ. ಕೊಳೆಕಾಯಿ ಉದುರಿದ ಮರದ ಚೌಕದಲ್ಲಿ ವಾರದ ಸಂಖ್ಯೆ ಬರೆಯಿರಿ: ಮೊದಲು ಕಂಡ ವಾರ 1, ಮುಂದಿನ ವಾರ ಹೊಸದಾಗಿ ಕಂಡ ಮರಕ್ಕೆ 2. ಉದುರಿದ್ದನ್ನು ಹೆಕ್ಕಿ ತೋಟದಿಂದ ಹೊರಗೆ ಹಾಕಿ. ಮಳೆಗಾಲ ಮುಗಿದಾಗ ಕೊಳೆ ಹೊರಟ ಜಾಗ, ನಡೆದ ದಾರಿ ಎರಡೂ ಹಾಳೆಯಲ್ಲಿರ್ತದೆ.

ಪಕ್ಕದ ಹಾಳೆಯಲ್ಲಿ ಮಳೆ

ನೇರ ಗೋಡೆಯ, ಸಪಾಟು ತಳದ ಡಬ್ಬ ಬಯಲಲ್ಲಿಟ್ಟು ದಿನಾ ಬೆಳಿಗ್ಗೆ ಸ್ಕೇಲಿನಿಂದ ನೀರಿನ ಆಳ ಅಳೆದು ಚೆಲ್ಲಿ. ಆಳ ಎಷ್ಟು ಮಿಲಿಮೀಟರೋ ಮಳೆ ಅಷ್ಟೇ. 10 ಮಿ.ಮೀ.ಗೆ ಒಂದು ಚೌಕದಂತೆ ದಿನಕ್ಕೊಂದು ಕಂಬ ಬರೆಯಿರಿ. ಬೋರ್ಡೋ ಹೊಡೆಸಿದ ದಿನಕ್ಕೆ ಬಾಣದ ಗುರುತು. ಮಳೆ ಹಿಡಿಯುವ ಮೊದಲು ಒಮ್ಮೆ, 40-45 ದಿನಕ್ಕೆ ಇನ್ನೊಮ್ಮೆ ಹೊಡೆಯಬೇಕೆಂಬುದು ಗೊತ್ತಿದ್ದದ್ದೇ. ಎಷ್ಟು ತಡವಾಯ್ತು, ನಡುವೆ ಎಷ್ಟು ಹೊಳವು ಸಿಕ್ಕಿತ್ತು ಎಂಬುದನ್ನು ಬಾಣಗಳೇ ತೋರಿಸ್ತವೆ. ಸಿದ್ದಾಪುರದ ಘಟ್ಟದಂಚಿನ ಮಳೆಯೇ ಬೇರೆ, ಶಿರಸಿಯ ಬನವಾಸಿ ಕಡೆಯದೇ ಬೇರೆ. ಯಲ್ಲಾಪುರದಲ್ಲೂ ಊರಿಂದೂರಿಗೆ ವ್ಯತ್ಯಾಸ. ಅದಕ್ಕೇ ಪೇಪರಿನ ಅಂಕಿ ಸಾಲದು, ನಿಮ್ಮ ಅಂಗಳದ್ದೇ ಬೇಕು.

ಎರಡು ಎಚ್ಚರ

ಪ್ರತಿ ವರ್ಷ ಅಳತೆ ಒಂದೇ ಇರಲಿ. ಈ ವರ್ಷ ಚೌಕಕ್ಕೆ 10, ಮುಂದಿನ ವರ್ಷ 20 ಅಂತ ಮಾಡಿದರೆ ದೊಡ್ಡ ಮಳೆಯೂ ಸಣ್ಣದಾಗಿ ಕಾಣ್ತದೆ. ಇನ್ನೊಂದು, ನಕ್ಷೆ "ಎಲ್ಲಿ" ಅಂತ ಹೇಳ್ತದೆ, "ಯಾಕೆ" ಅಂತ ಹೇಳುವುದಿಲ್ಲ. ಆ ಮೂಲೆಯಲ್ಲಿ ನೀರು ನಿಂತಿದೆಯೋ, ನೆರಳು ಹೆಚ್ಚೋ, ಔಷಧಿ ಕೊನೆಗೆ ತಲುಪಲಿಲ್ಲವೋ? ಹೋಗಿ ನೋಡಬೇಕಾದವರು ನಾವೇ.

ಮುಂದಿನ ಜುಲೈಯಲ್ಲಿ ಕೊನೆಗೌಡರು ಕೇಳಿದಾಗ 1 ಎಂದು ಬರೆದ ಚೌಕಗಳನ್ನು ತೋರಿಸಿ. ಅಲ್ಲಿಂದಲೇ ಶುರುವಾಗಲಿ.