ಅರ್ಜಿಯನ್ನು ಮೊದಲು ಓದುವವರು ಯಾರು?

ಬೀದರ, ಕಲಬುರ್ಗಿ, ರಾಯಚೂರುಗಳಿಂದ ನೌಕರಿಗಾಗಿ ಹೈದರಾಬಾದಿಗೆ ಬರುವುದು ನಮ್ಮವರಿಗೆ ಹೊಸತಲ್ಲ. 1956ರವರೆಗೆ ಆ ಜಿಲ್ಲೆಗಳಿಗೆ ಇದೇ ರಾಜಧಾನಿ. ಹಿಂದೆ ಪರಿಚಿತರ ಚೀಟಿ ಹಿಡಿದು ಕಚೇರಿಯ ಮೆಟ್ಟಿಲು ಹತ್ತಿದರೆ ಹೆಡ್ ಗುಮಾಸ್ತರಾದರೂ ಮುಖ ನೋಡುತ್ತಿದ್ದರು. ಈಗ ಮಾಧಾಪುರ, ಗಚ್ಚಿಬೌಲಿಗಳ ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ಓದುವುದು ಹಲವೆಡೆ ಕಂಪ್ಯೂಟರು.

ಅದರ ಓದಿನ ರೀತಿಯನ್ನು ತಿಳಿದಿರಬೇಕು. ಯಂತ್ರವು ಅರ್ಜಿಯನ್ನು ಬಿಡಿಸಿ ಹೆಸರು, ಓದು, ಅನುಭವಗಳನ್ನು ಬೇರೆ ಬೇರೆ ಖಾನೆಗೆ ತುಂಬುತ್ತದೆ. ಜಾಹೀರಾತಿನೊಡನೆ ತಾಳೆ ನೋಡಿ, ಹೊಂದಿಕೆಯಂತೆ ಅರ್ಜಿಗಳನ್ನು ಸಾಲಿಡುತ್ತದೆ. ಮೇಲಿನ ಕೆಲವನ್ನಷ್ಟೇ ಅಧಿಕಾರಿಗಳು ನೋಡುವುದುಂಟು. ಬಿ.ಕಾಂ. ಮುಗಿಸಿದ ಹುಡುಗನೊಬ್ಬ ತಂದೆಯ ಕಿರಾಣಿ ಅಂಗಡಿಯಲ್ಲಿ ಎರಡು ವರುಷ ಟ್ಯಾಲಿಯಲ್ಲಿ ಲೆಕ್ಕ ಬರೆದು, ಜಿಎಸ್‌ಟಿ ರಿಟರ್ನ್ ಸಲ್ಲಿಸಿದ್ದಾನೆ ಎಂದಿಟ್ಟುಕೊಳ್ಳೋಣ. 'ಅಂಗಡಿಯಲ್ಲಿ ಸಹಾಯ' ಎಂದಷ್ಟೇ ಬರೆದರೆ ಯಂತ್ರದ ಪಾಲಿಗೆ ಅವನಿಗೆ ಏನೂ ಬಾರದು. ಹೊಸ ಯಂತ್ರಗಳು ಅರ್ಥವನ್ನೂ ಸ್ವಲ್ಪ ಹಿಡಿಯುತ್ತವೆ ನಿಜ. ಬರೆಯದೆ ಬಿಟ್ಟುದನ್ನು ಯಂತ್ರ ಊಹಿಸೀತೆಂದು ನೆಚ್ಚಬಾರದು. ಸಂಕೋಚ ನಮ್ಮ ಕಡೆಯವರ ಗುಣ. ಇಲ್ಲಿ ಅದು ಶುದ್ಧ ನಷ್ಟ. ಮಾಡಿದ ಕೆಲಸವನ್ನು ಜಾಹೀರಾತಿನ ಮಾತಿನಲ್ಲೇ ಹೇಳಿರಿ. ಚೌಕಟ್ಟು, ಚಿತ್ರ, ಎರಡಂಕಣದ ಅಲಂಕಾರ ಬೇಡ. ಯಂತ್ರ ಸಾಲು ತಪ್ಪಿ ಓದೀತು.

ಚಾಟ್‌ಜಿಪಿಟಿಯಿಂದ ಇಂಗ್ಲಿಷ್ ತಿದ್ದಿಸಿಕೊಳ್ಳಲು ಅಡ್ಡಿಯಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದೊಂದು ಊರುಗೋಲು. ಆದರೆ ಅದು ನೀವು ಕಲಿಯದ ವಿದ್ಯೆಯನ್ನೂ ಧಾರಾಳವಾಗಿ ಸೇರಿಸಿಬಿಡಬಹುದು. ಸಂದರ್ಶನದಲ್ಲಿ ಉತ್ತರ ಹೇಳಬೇಕಾದವರು ನೀವು.

ಯಂತ್ರಕ್ಕೆ ಪಕ್ಷಪಾತವಿಲ್ಲವೆಂದು ಕೆಲವರ ನಂಬಿಕೆ. ಅಮೆಜಾನ್ ಕಂಪನಿ 2014ರಲ್ಲಿ ಇಂಥದೊಂದನ್ನು ಸಿದ್ಧಪಡಿಸತೊಡಗಿತು. ಹತ್ತು ವರುಷಗಳ ಹಳೆಯ ಅರ್ಜಿಗಳಿಂದ ಅದು ಪಾಠ ಕಲಿಯಿತು. ಅವುಗಳಲ್ಲಿ ಗಂಡಸರವೇ ಹೆಚ್ಚು. ಹೀಗಾಗಿ 'ಮಹಿಳೆಯರ' ಎಂಬ ಪದವಿದ್ದ ಅರ್ಜಿಯನ್ನು, ಅದು ಚದುರಂಗ ಸಂಘದ ಮಾತಾಗಿದ್ದರೂ, ಕೆಳಕ್ಕೆ ತಳ್ಳುತ್ತಿತ್ತು. ಕಂಪನಿ ಅದನ್ನು ಕೈಬಿಟ್ಟಿತು. ಸಂಗತಿ 2018ರಲ್ಲಿ ಹೊರಬಿತ್ತು. ಹಿಂದೆ ಯಾರನ್ನು ಆರಿಸಿದರೋ ಅಂಥವರನ್ನೇ ಯಂತ್ರ ಮತ್ತೆ ಹುಡುಕೀತು. ತಾಲೂಕಿನ ಕಾಲೇಜಿನಲ್ಲಿ ಓದಿ ಬಂದವರಿಗೂ ಇದೇ ಭಯ.

ಹಳೆಯ ಚೀಟಿಯ ದಾರಿ ಪೂರ್ತಿ ಮುಚ್ಚಿಲ್ಲ. ತಮ್ಮ ನೌಕರರೇ ಹೆಸರು ಸೂಚಿಸುವ ಪದ್ಧತಿ ಅನೇಕ ಕಂಪನಿಗಳಲ್ಲಿದೆ. ಅಲ್ಲಿ ದುಡಿಯುವ ನಮ್ಮ ವಾಚಕರು ಊರಿನ ಹುಡುಗ ಹುಡುಗಿಯರ ಅರ್ಜಿಯನ್ನು ಒಮ್ಮೆ ಓದಿ ಸೂಚಿಸಲು ಹಿಂಜರಿಯಬಾರದು. ಅಭ್ಯರ್ಥಿ ತಾನೇ ಮೊದಲು ಅರ್ಜಿ ಹಾಕಿದ್ದರೆ ಕೆಲವೆಡೆ ಆ ಸೂಚನೆ ನಡೆಯದು. ಆದುದರಿಂದ ಪರಿಚಿತರನ್ನು ವಿಚಾರಿಸಿದ ಮೇಲೆಯೇ ಅರ್ಜಿ ಕಳಿಸತಕ್ಕದ್ದು.