ಕಾಕಾ ಕೇಳದ ಬಡ್ಡಿ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಸಾಲ ಮಾಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಅಪ್ಪನ ಬೈಪಾಸ್‌ಗೆ ಹುಬ್ಬಳ್ಳಿಯಲ್ಲಿ ಅಡ್ವಾನ್ಸ್ ಕಟ್ಟಬೇಕಿದ್ದ ರಾತ್ರಿ ನನ್ನ ತಮ್ಮ ಯಾರಿಗೂ ಹೇಳದೆ ಒಂದು ಆ್ಯಪ್‌ನಿಂದ 90,000 ಎತ್ತಿದ. ಮೆಡಿಕ್ಲೇಮ್ ಇತ್ತು, ಹಳೆಯ ಕಾಯಿಲೆಯ ವೇಟಿಂಗ್ ಪೀರಿಯಡ್ ಮುಗಿದಿರಲಿಲ್ಲ. ಆಧಾರ್, ಸೆಲ್ಫಿ, ಒಟಿಪಿ. ಕೈಯಲ್ಲಿದ್ದ ಚಹಾ ಆರುವ ಮೊದಲೇ ದುಡ್ಡು ಬಂತು. ಬಂದದ್ದು 90,000 ಅಲ್ಲ, 86,814. ಶೇ 3 ಪ್ರೊಸೆಸಿಂಗ್ ಶುಲ್ಕ 2,700, ಅದರ ಮೇಲೆ ಜಿಎಸ್‌ಟಿ 486, ಎರಡನ್ನೂ ಮೊದಲೇ ಮುರಿದುಕೊಂಡಿದ್ದರು. ಬಡ್ಡಿ ಶೇ 28. ಹನ್ನೆರಡು ಕಂತು, ಕಂತಿಗೆ 8,686.

ಈ ಲೆಕ್ಕವನ್ನು ನಿಧಾನಕ್ಕೆ ನೋಡಿ. ಹನ್ನೆರಡು ಕಂತು ಸೇರಿದರೆ 1,04,232. ಕೈಗೆ ಬಂದದ್ದನ್ನು ಕಳೆದರೆ 17,418. 'ಅಂದ್ರ ಶೇಕಡಾ ಇಪ್ಪತ್ತು, ಅಷ್ಟ ಅಲ್ಲೇನು?' ಅಂದ ತಮ್ಮ. ಅಷ್ಟೇ ಅಲ್ಲ. ಅಸಲು ತಿಂಗಳು ತಿಂಗಳು ಕರಗುತ್ತದೆ; ಆರು ಕಂತು ಕಟ್ಟುವಷ್ಟರಲ್ಲಿ ಹತ್ತಿರಹತ್ತಿರ ಅರ್ಧ ತೀರಿರುತ್ತದೆ. ವರ್ಷವಿಡೀ ನಿಮ್ಮ ಬಳಿ 86 ಸಾವಿರ ಇರುವುದೇ ಇಲ್ಲ, ಸರಾಸರಿ ತೆಗೆದರೆ ಐವತ್ತು ಸಾವಿರದ ಆಸುಪಾಸು. ಐವತ್ತಕ್ಕೆ 17,418 ಎಂದರೆ ಶೇ 35. ತಿಂಗಳಿಗೆ ನೂರಕ್ಕೆ ಮೂರರ ಹತ್ತಿರ! ಬಜಾರಿನ ಬಡ್ಡಿ ಸಾಹುಕಾರ ಕೇಳುವ ದರ ಅದೇ. ಅವನನ್ನು ಬೈಯುತ್ತೇವೆ, ಈ ಆ್ಯಪ್‌ಗೆ ಐದು ಸ್ಟಾರ್ ಕೊಡುತ್ತೇವೆ. ಡಿಜಿಟಲ್ ಸಾಲಕ್ಕೆ ಕೂಲಿಂಗ್ ಆಫ್ ಅವಧಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಅಷ್ಟರೊಳಗೆ ಅಸಲು ಮತ್ತು ಆ ದಿನಗಳ ಖರ್ಚು ಕಟ್ಟಿದರೆ ದಂಡವಿಲ್ಲದೆ ಹೊರಬರಬಹುದು. ಐಸಿಯು ಮುಂದೆ ಕೂತವನಿಗೆ ಅದನ್ನೆಲ್ಲ ಓದುವ ವ್ಯವಧಾನ ಎಲ್ಲಿರುತ್ತದೆ?

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಕಾಕಾ ಚೆಕ್‌ಬುಕ್ ಹಿಡಿದು ಬಂದರು. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ರಿಟೈರ್ ಆದವರು. ಕನ್ನಡಕ ಹಣೆಗೇರಿಸಿ, ಚೆಕ್ಕನ್ನು ಮೊಣಕಾಲ ಮೇಲಿಟ್ಟು, 'ಒಂದು ಲಕ್ಷ ಇಪ್ಪತ್ತು ಸಾವಿರ ಮಾತ್ರ' ಎಂದು ಕನ್ನಡದಲ್ಲೇ ಬರೆದರು. ಬಡ್ಡಿಯ ಮಾತೆತ್ತಿದೆ. 'ಸುಮ್ನಿರು ತಮ್ಮಾ. ಆದಾಗ ಕೊಡು' ಅಂದರು. ಅವರ ಮನೆಯ ಕಾಕು ರೊಟ್ಟಿ, ಪುಂಡಿಪಲ್ಯ ಬುತ್ತಿ ಕಟ್ಟಿ ಕಳಿಸಿದ್ದರು. ಕಿರಾಣಿ ಅಂಗಡಿಯವರು ಉದ್ರಿ ಪುಸ್ತಕದಲ್ಲಿ ನಮ್ಮ ಪುಟ ತುಂಬಿದರೂ ಮಾತಾಡಲಿಲ್ಲ.

ನಮ್ಮವ್ವ ಪ್ರತಿ ಭಾನುವಾರ ಸಭೆಗೆ ಹೋಗುವವಳು. ಬುತ್ತಿ ಬಿಚ್ಚುವಾಗಲೂ 'ನೋಡಪ್ಪಾ, ದೇವರು ನಂಬಿಗಸ್ತ ಅದಾನ' ಎನ್ನುತ್ತಾಳೆ. ಬೈಬಲಿನ ಎಲೀಯನಿಗೆ ಕಾಗೆಗಳು ರೊಟ್ಟಿ ತಂದುಕೊಟ್ಟ ಕಥೆ ಅವಳಿಗೆ ಕಥೆಯಲ್ಲ, ಓಣಿಯ ಸುದ್ದಿ. ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ಹಾಕಬಾರದೆಂಬ ಕಟ್ಟಳೆ ವಿಮೋಚನಕಾಂಡದ 22ನೇ ಅಧ್ಯಾಯದಲ್ಲಿದೆ. ಕಾಕಾ ಲಿಂಗಾಯತರು, ಅದನ್ನು ಓದಿದವರಲ್ಲ.

ನಾನು ಲೆಕ್ಕದವನು, ಆದ್ದರಿಂದ ಇದನ್ನೂ ಲೆಕ್ಕ ಹಾಕಿದೆ. ಹತ್ತು ತಿಂಗಳಿಗೆ ಕಾಕಾರ ಹಣ ತೀರಿಸಿದೆವು. ತಿಂಗಳಿಗೆ ನೂರಕ್ಕೆ ಮೂರರಂತೆ ಆಗಿದ್ದರೆ ಬಡ್ಡಿ 36,000. ಕಾಕಾ ಆ ಒಂದು ಲಕ್ಷ ಇಪ್ಪತ್ತು ಸಾವಿರವನ್ನು ಶೇ 7ರ ಎಫ್‌ಡಿಯಲ್ಲಿ ಇಟ್ಟಿದ್ದರೆ ಅವರಿಗೆ ಸಿಗುತ್ತಿದ್ದದ್ದು 7,000. ಅವರ ಕೈಯಿಂದ ಏಳು ಸಾವಿರವಾಗಿ ಹೊರಟದ್ದು ನಮ್ಮ ಮನೆಗೆ ಮೂವತ್ತಾರು ಸಾವಿರವಾಗಿ ತಲುಪಿತು. ನಡುವಿನ 29,000 ಹಾಕಿದವರು ಯಾರು? ಬ್ಯಾಂಕಿನವರನ್ನು ಕೇಳಿದರೆ ರಿಸ್ಕ್ ಪ್ರೀಮಿಯಂ ಎನ್ನುತ್ತಾರೆ: ಗುರುತಿಲ್ಲದವನಿಗೆ ಕೊಟ್ಟರೆ ಮುಳುಗಬಹುದು, ಅದಕ್ಕೆ ಬೆಲೆ, ಹುಟ್ಟಿದಾಗಿನಿಂದ ನೋಡಿದವನಿಗೆ ಕೊಡುವಾಗ ಆ ಭಯವಿಲ್ಲ. ಸರಿಯಾದ ಉತ್ತರವೇ. ಆದರೆ ಅಂಥ ಮನುಷ್ಯನನ್ನು ನಮ್ಮ ಗೋಡೆಯ ಪಕ್ಕಕ್ಕೇ ತಂದಿಟ್ಟವರು ಯಾರು ಎಂಬುದು ಅವ್ವನ ಪ್ರಶ್ನೆ. ಅದಕ್ಕೆ ಬ್ಯಾಂಕಿನಲ್ಲಿ ಉತ್ತರವಿಲ್ಲ. ನಾನು ಅವ್ವನ ಕಡೆ.

ಹಾಗೆಂದು ದೇವರ ಹೆಸರು ಹೇಳಿ ಕೈಗಡವನ್ನು ಎಳೆದಾಡಬೇಡಿ. ಬಡ್ಡಿಯಿಲ್ಲದ ಸಾಲವನ್ನೇ ಮೊದಲು ತೀರಿಸಬೇಕು. ನಾವು ಮಾಡುವುದು ಉಲ್ಟಾ, ಬೈಯುವವನಿಗೆ ಮೊದಲು ಕೊಡುತ್ತೇವೆ, ಸುಮ್ಮನಿರುವವರನ್ನು ಕಾಯಿಸುತ್ತೇವೆ. 20,000 ಅಥವಾ ಅದಕ್ಕಿಂತ ಹೆಚ್ಚಿನ ಕೈಗಡವನ್ನು ನಗದಾಗಿ ತೆಗೆದುಕೊಳ್ಳಬೇಡಿ, ನಗದಾಗಿ ತೀರಿಸಲೂಬೇಡಿ. ಆದಾಯ ತೆರಿಗೆ ಕಾಯ್ದೆಯಲ್ಲಿ ಅಷ್ಟೇ ಮೊತ್ತದ ದಂಡವಿದೆ. ಕಷ್ಟ ಬಂದಾಗ ಬಾಯಿ ಬಿಟ್ಟು ಹೇಳಿ. ತಮ್ಮ ಆ ರಾತ್ರಿ ಗೋಡೆಯಾಚೆ ಒಂದು ಫೋನ್ ಮಾಡಿದ್ದರೆ 17,418 ಉಳಿಯುತ್ತಿತ್ತು.

ಕಾಕಾ ಕೇಳದ ಆ 36,000 ಈಗ ಬೇರೆಯದೇ ಎಸ್‌ಬಿ ಖಾತೆಯಲ್ಲಿದೆ, ಕೈಗಡಕ್ಕೆ ಮಾತ್ರ. ಓಣಿಯ ಹುಡುಗಿಯೊಬ್ಬಳ ಡಿಪ್ಲೊಮಾ ಫೀಗೆಂದು 15,000 ಹೊರಗಿದೆ. ಬಡ್ಡಿ ಇಲ್ಲ.