ಬಿಡುಗಡೆಯ ಬಳಿಕ ಎತ್ತ ಹೆಜ್ಜೆ? — ‘ಸಂಸ್ಕಾರ’ ಮತ್ತು ಹಲಸಂಗಿ ಗೆಳೆಯರನ್ನು ಕೂಡಿಸಿ ಓದುವ ಒಂದು ಬಗೆ

ಪ್ರವೇಶದ ಅರ್ಜಿಯಲ್ಲಿ ‘ಐಚ್ಛಿಕ ಕನ್ನಡ’ ಎಂದು ಬರೆಯುವಾಗ ಆ ಹೆಸರಿನೊಳಗೆ ‘ಇಚ್ಛೆ’ ಎಂಬ ಮಾತಿದೆಯೆಂಬುದನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ. ಯಾರೂ ಹೇರದೆ, ತಾನಾಗಿ ಬಯಸಿ ಆರಿಸಿಕೊಂಡದ್ದು ಐಚ್ಛಿಕ. ಈ ಬಯಕೆ ನಿಜವಾಗಿ ಯಾರದು, ಆರಿಸಿಕೊಂಡ ಮೇಲೆ ಮುಂದೇನು ಎಂಬ ಪ್ರಶ್ನೆಗಳು ಏಳುವುದು ಪದವಿಯ ಕೊನೆಯ ವರ್ಷದಲ್ಲಿ. ಆ ಪ್ರಶ್ನೆಯನ್ನು ಪಠ್ಯಗಳ ಮೂಲಕವೇ ಎದುರಿಸಲು ಸಾಧ್ಯವೇ ಎಂದು ನೋಡುವುದು ಈ ಪಾಠದ ಉದ್ದೇಶ.

ಜತ್ತ ತಾಲೂಕಿನ ವಳಸಂಗದಂಥ ಊರಿನಲ್ಲಿ ಎರಡು ತಲೆಮಾರುಗಳ ಹಿಂದೆ ಇಂಥ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಮಳೆಯಾದರೆ ಬಿತ್ತುವುದು, ಆಗದಿದ್ದರೆ ಕಬ್ಬು ಕಡಿಯಲು ಪಶ್ಚಿಮದ ಕಾರ್ಖಾನೆಗಳ ಕಡೆಗೆ ಗುಳೆ ಹೋಗುವುದು. ಆಳುವವರು ಬದಲಾದಾಗಲೂ ಹಾಗೆಯೇ. 1948ರಲ್ಲಿ ಜತ್ತ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1949ರಲ್ಲಿ ದಕ್ಷಿಣ ಸಾತಾರಾ ಎಂಬ ಜಿಲ್ಲೆ ಹುಟ್ಟಿತು. 1960ರಲ್ಲಿ ಅದಕ್ಕೆ ಸಾಂಗಲಿ ಎಂಬ ಹೆಸರಾಯಿತು. ನೇಗಿಲು ಹಿಡಿದವನಿಗೆ ಇವೆಲ್ಲ ಬಂದುಹೋದ ಸುದ್ದಿಗಳು. ಇಂದಿನ ಮೊಮ್ಮಗನ ಸ್ಥಿತಿ ಬೇರೆ. ಅವನಿಗೆ ಎರಡು ಭಾಷೆಗಳು ಸಮನಾಗಿ ಬರುತ್ತವೆ. ಜತ್ತ, ಸಾಂಗಲಿ, ಸೊಲ್ಲಾಪುರ, ವಿಜಯಪುರ — ನಾಲ್ಕು ದಿಕ್ಕಿಗೂ ಬಸ್ಸಿನ ದಾರಿ ಇದೆ. ಶಿಕ್ಷಕನಾಗಬಹುದು, ಪೊಲೀಸ್ ಭರ್ತಿಗೆ ಓಡಬಹುದು, ಸ್ಪರ್ಧಾತ್ಮಕ ಪರೀಕ್ಷೆಗೆ ಕೂಡಬಹುದು, ಪುಣೆಗೆ ಹೋಗಬಹುದು, ಊರಲ್ಲೇ ದ್ರಾಕ್ಷಿ ದಾಳಿಂಬೆ ಹಚ್ಚಬಹುದು. ಕೇಳಿದರೆ ತಂದೆ ಹೇಳುವುದು ಒಂದೇ ಮಾತು: “ನಿನಗ ತಿಳದಂಗ ಮಾಡಪಾ.” ಆ ಮಾತಿನಲ್ಲಿ ಅಕ್ಕರೆಯಿದೆ, ತಾನು ಕಾಣದ್ದು ಮಗನಿಗೆ ಸಿಗಲೆಂಬ ಹಂಬಲವಿದೆ. ಆದರೂ ಅದನ್ನು ಕೇಳಿದ ಹುಡುಗ ಎರಡು ವರ್ಷ ಕಟ್ಟೆಯ ಮೇಲೆ ಕೂತದ್ದುಂಟು. ಅವನನ್ನು ಸೋಮಾರಿಯೆಂದು ಬಯ್ಯುವುದು ಸುಲಭ. ಅವನ ಕಷ್ಟ ಏನೆಂದು ತಿಳಿಯಲು ಮೊದಲು ಕೆಲವು ಪದಗಳನ್ನು ನೋಡಬೇಕು.

ಈ ಭಾಗದ ಮಾತಿನಲ್ಲಿ ಸ್ವಾತಂತ್ರ್ಯಕ್ಕೆ ಹತ್ತಿರದ ಹಲವು ಪದಗಳಿವೆ. ಕನ್ನಡದ ‘ಬಿಡುಗಡೆ’, ‘ಬಿಡುವು’ ಎರಡೂ ‘ಬಿಡು’ ಎಂಬ ಧಾತುವಿನವು. ಯಾವುದರಿಂದ ಬಿಟ್ಟಿತು ಎಂಬುದನ್ನು ಅವು ಹೇಳುತ್ತವೆ, ಯಾವುದರ ಕಡೆಗೆ ಎಂಬುದನ್ನು ಹೇಳುವುದಿಲ್ಲ. ಮರಾಠಿಯ ‘ಮೋಕಳಾ’ ಇನ್ನೂ ಸ್ವಾರಸ್ಯಕರ. ಕಟ್ಟಿಲ್ಲದವನು ಮೋಕಳಾ, ಏನೂ ಇಲ್ಲದ ಬರಿಗೈಯೂ ಮೋಕಳಾ. ‘ರಿಕಾಮಾ’ ಎಂಬುದು ಬರಿದಾದ ಪಾತ್ರೆಗೂ ಕೆಲಸವಿಲ್ಲದ ಮನುಷ್ಯನಿಗೂ ಸಲ್ಲುತ್ತದೆ. ಅದೇ ಗಡಿ ದಾಟಿ ಬಂದು ‘ರಿಕಾಮಿ ಕುಂತಾನ’ ಎಂದು ನಮ್ಮ ಕನ್ನಡವಾಯಿತು. ಸ್ವತಂತ್ರನಾಗಿರುವುದಕ್ಕೂ ಬರಿದಾಗಿರುವುದಕ್ಕೂ ನಡುವಿನ ಗೆರೆ ಎಷ್ಟು ತೆಳುವೆಂಬುದನ್ನು ಜನರ ನಾಲಗೆ ಬಹಳ ಹಿಂದೆಯೇ ಕಂಡುಕೊಂಡಿದೆ. ಸಂಸ್ಕೃತದ ‘ಸ್ವತಂತ್ರ’ ಪದ ಮಾತ್ರ ಬೇರೆ ದಾರಿ ಹಿಡಿಯುತ್ತದೆ. ‘ತಂತ್ರ’ ಎಂದರೆ ಮಗ್ಗ, ಮಗ್ಗದ ಮೇಲೆ ಎಳೆದು ಬಿಗಿದ ಹಾಸುನೂಲು. ಆ ಮೂಲದಿಂದ ನೋಡಿದರೆ ಸ್ವತಂತ್ರನೆಂದರೆ ನೂಲೇ ಇಲ್ಲದವನಲ್ಲ, ತನ್ನ ಹಾಸನ್ನು ತಾನು ಬಿಗಿದುಕೊಂಡವನು. ಹಾಸು ಬಿಗಿಯದ ಮಗ್ಗದಲ್ಲಿ ಲಾಳಿ ಎಷ್ಟು ಓಡಿದರೂ ಬಟ್ಟೆಯಾಗದು. ಇದನ್ನು ಸೊಲ್ಲಾಪುರದ ನೇಕಾರರಿಗೆ ಯಾರೂ ಕಲಿಸಬೇಕಾಗಿಲ್ಲ.

ನವ್ಯಸಾಹಿತ್ಯದ ಪಾಠದಲ್ಲಿ ಅಸ್ತಿತ್ವವಾದದ ಪ್ರಸ್ತಾಪ ಬರುತ್ತದೆ. ಅದರ ಮುಖ್ಯ ಚಿಂತಕ ಸಾರ್ತ್ರ್ 1945ರಲ್ಲಿ ಪ್ಯಾರಿಸ್ಸಿನಲ್ಲಿ ಮಾಡಿದ ಒಂದು ಉಪನ್ಯಾಸದಲ್ಲಿ ತನ್ನ ವಿದ್ಯಾರ್ಥಿಯೊಬ್ಬನ ಸಂಗತಿಯನ್ನು ಹೇಳಿದ್ದಾನೆ. ಯುದ್ಧದ ಕಾಲ. ಹುಡುಗನ ಅಣ್ಣ ಜರ್ಮನರ ದಾಳಿಯಲ್ಲಿ ಸತ್ತಿದ್ದಾನೆ. ತಾಯಿಗೆ ಉಳಿದವನು ಇವನೊಬ್ಬನೇ. ಇಂಗ್ಲೆಂಡಿಗೆ ಹೋಗಿ ಸ್ವತಂತ್ರ ಫ್ರಾನ್ಸಿನ ಪಡೆಯನ್ನು ಸೇರಬೇಕೇ, ತಾಯಿಯ ಬಳಿ ಉಳಿಯಬೇಕೇ ಎಂದು ಅವನು ಗುರುವನ್ನು ಕೇಳಿದ. ನೀನು ಸ್ವತಂತ್ರ, ಆರಿಸಿಕೋ ಎಂಬುದೇ ಗುರುವಿನ ಉತ್ತರ. ವಳಸಂಗದ ತಂದೆಯ ಉತ್ತರಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಸಾರ್ತ್ರ್‌ನ ತರ್ಕವನ್ನು ಅಲ್ಲಗಳೆಯುವುದು ಕಠಿಣ. ಆಯ್ಕೆಯ ಭಾರವನ್ನು ಇನ್ನೊಬ್ಬರು ಹೊರಲಾರರು. ಆದರೆ ಒಂದು ಅಂಶವನ್ನು ಮರೆಯಬಾರದು. ಆ ವಿದ್ಯಾರ್ಥಿಯನ್ನು ಎರಡು ಕೂಗುಗಳು ಕರೆಯುತ್ತಿದ್ದವು: ತಾಯಿಯದು, ನಾಡಿನದು. ಎರಡರಲ್ಲಿ ಯಾವುದು ಎಂಬುದಷ್ಟೇ ಅವನ ಸಂಕಟ. ಯಾವ ಕೂಗೂ ಕೇಳಿಸದವನ ಸಂಕಟ ಇದಕ್ಕಿಂತ ಆಳವಾದದ್ದು. ಅದನ್ನು ಕನ್ನಡದಲ್ಲಿ ಶೋಧಿಸಿದ ಕೃತಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’.

ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಗಾಗಿ ಇದ್ದಾಗ ಬರೆದ ಈ ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಪರೀಕ್ಷೆಗಾಗಿ ಓದುವವರು ನಾರಣಪ್ಪನ ಶವಸಂಸ್ಕಾರದ ಸಮಸ್ಯೆ, ಅಗ್ರಹಾರದ ವಿಡಂಬನೆ, ಚಂದ್ರಿಯ ಪ್ರಸಂಗ — ಇಷ್ಟರಲ್ಲಿಯೇ ನಿಂತುಬಿಡುತ್ತಾರೆ. ಟಿಪ್ಪಣಿಯ ಪುಸ್ತಕಗಳೂ ಅಲ್ಲಿಯೇ ನಿಲ್ಲುತ್ತವೆ. ನಿಜವಾಗಿ ಕೃತಿಯ ಕಠಿಣವಾದ ಭಾಗ ಕೊನೆಯದು. ದೂರ್ವಾಸಪುರದ ಪ್ರಾಣೇಶಾಚಾರ್ಯರ ಬದುಕಿನಲ್ಲಿ ಅದುವರೆಗೆ ಎಲ್ಲವೂ ಗೊತ್ತುಮಾಡಿದ್ದು. ರೋಗಿಯಾದ ಭಾಗೀರಥಿಯ ಶುಶ್ರೂಷೆ, ಪೂಜೆ, ಅಗ್ರಹಾರದವರಿಗೆ ಪುರಾಣಪ್ರವಚನ. ಬೆಳಗಿನಿಂದ ರಾತ್ರಿಯವರೆಗೆ ಯಾವ ಗಳಿಗೆಗೆ ಯಾವ ಕೆಲಸವೆಂಬುದರಲ್ಲಿ ಅವರಿಗೆ ಅನುಮಾನವಿಲ್ಲ. ಮಾರುತಿಯ ಗುಡಿಯಲ್ಲಿ ಉತ್ತರ ಸಿಗುವುದಿಲ್ಲ. ಕಾಡಿನ ಕತ್ತಲಲ್ಲಿ ಚಂದ್ರಿಯ ಸಂಗವಾಗುತ್ತದೆ. ಪ್ಲೇಗಿನಲ್ಲಿ ಭಾಗೀರಥಿ ಸಾಯುತ್ತಾಳೆ. ಹೆಂಡತಿಯ ದಹನ ಮುಗಿಸಿ ಆಚಾರ್ಯರು ಕಾಲು ಕೊಂಡೊಯ್ದತ್ತ ಹೊರಟುಬಿಡುತ್ತಾರೆ.

ಈಗ ಅವರು ಪೂರ್ತಿ ಮೋಕಳಾ. ಮನೆಯಿಲ್ಲ, ಮಡದಿಯಿಲ್ಲ, ಶಿಷ್ಯರಿಲ್ಲ, ಧರ್ಮಶಾಸ್ತ್ರದ ಮೇಲೆ ಹಿಂದಿನ ನೆಚ್ಚಿಕೆಯಿಲ್ಲ. ಇಂಥ ಬಿಡುಗಡೆಯನ್ನು ಲೇಖಕರು ಹಾಡಿ ಹೊಗಳಬಹುದಿತ್ತು. ಆ ಕಾಲದ ಎಷ್ಟೋ ಕಥೆಗಳು ಹಾಗೆ ಮಾಡಿವೆ. ಇಲ್ಲಿ ಹಾಗಾಗುವುದಿಲ್ಲ. ನಡೆಯುತ್ತಿರುವ ಆಚಾರ್ಯರಿಗೆ ಮಾಲೇರ ಪುಟ್ಟ ಗಂಟುಬೀಳುತ್ತಾನೆ. ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ ಎಂಬ ದಾರಿಹೋಕರ ಸಾಧಾರಣ ಮಾತಿಗೆ ಈ ಮಹಾಪಂಡಿತರ ಬಳಿ ಹೇಳುವಂಥ ಉತ್ತರವಿಲ್ಲ. ತಮ್ಮದೇ ದಿಕ್ಕಿಲ್ಲದ ಕಾರಣ ಅವರು ಪುಟ್ಟನ ದಿಕ್ಕಿಗೆ ಒಳಗಾಗುತ್ತಾರೆ. ಅವನು ಮೇಳಿಗೆಯ ತೇರಿಗೆ ಹೊರಟರೆ ಇವರೂ ಅಲ್ಲಿಗೆ. ಕಾಫಿಗೆ ಕರೆದರೆ ಕಾಫಿಗೆ. ಕೋಳಿಯಂಕಕ್ಕೆ, ಪದ್ಮಾವತಿಯ ಮನೆಗೆ. ಎಲ್ಲ ಕಟ್ಟುಗಳನ್ನು ಕಳಚಿಕೊಂಡವರು ಮೊದಲು ಎದುರಾದವನ ಕೈಗೆ ಸಿಕ್ಕಿಬೀಳುವುದು ಕಾದಂಬರಿಯ ಅತ್ಯಂತ ಸೂಕ್ಷ್ಮವಾದ ವ್ಯಂಗ್ಯ. ದಿಕ್ಕು ತಾನಾಗಿ ಗೊತ್ತುಮಾಡಿಕೊಳ್ಳದವನು ದಿಕ್ಕಿಲ್ಲದೆ ಉಳಿಯುವುದಿಲ್ಲ. ಬೇರೆಯವರ ದಿಕ್ಕು ಅವನದಾಗುತ್ತದೆ. ಪುಟ್ಟನ ಜಾಗದಲ್ಲಿ ಇಂದು ಅಂಗೈಯಲ್ಲಿರುವ ಮೊಬೈಲನ್ನು ಇಟ್ಟು ನೋಡಬಹುದು. ಪುಟ್ಟನಿಗೆ ಇದರಿಂದ ಅನ್ಯಾಯವಾದೀತು ಎಂಬುದೂ ನಿಜ. ಅವನಿಗೆ ಆಚಾರ್ಯರ ಮೇಲೆ ಪ್ರೀತಿಯಿತ್ತು.

ಈ ಅಲೆದಾಟ ಎಲ್ಲಿ ತಿರುಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕು. ಸೂತಕದಲ್ಲಿದ್ದೂ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂತ ಆಚಾರ್ಯರನ್ನು ಗುರುತು ಸಿಕ್ಕೀತೆಂಬ ಅಂಜಿಕೆ ಹಿಡಿಯುತ್ತದೆ. ಆ ಅಂಜಿಕೆಯೊಳಗಿಂದಲೇ ಒಂದು ನಿರ್ಧಾರ ಮೂಡುತ್ತದೆ: ದೂರ್ವಾಸಪುರಕ್ಕೆ ಮರಳಬೇಕು, ನಡೆದದ್ದನ್ನು ಬ್ರಾಹ್ಮಣರ ಮುಂದೆ ಹೇಳಬೇಕು. ನನ್ನ ಬದುಕಿನ ಗುರಿಯೇನು ಎಂದು ಧ್ಯಾನಿಸಿ ಪಡೆದ ಉತ್ತರವಲ್ಲ ಇದು. ಅಗ್ರಹಾರದಲ್ಲಿ ಜನ ತನ್ನ ಮಾತಿಗಾಗಿ ಕಾದಿದ್ದಾರೆ, ಆ ಮಾತು ಇನ್ನೂ ಸಂದಿಲ್ಲ ಎಂಬ ಅರಿವು. ಬಾಕಿ ಉಳಿದ ಒಂದು ಮಾತು ಅವರಿಗೆ ದಾರಿಯನ್ನು ತೋರಿಸಿತು. ನಾರಣಪ್ಪನ ಶವದ ದಹನವನ್ನು ಚಂದ್ರಿ ಎಂದೋ ಮಾಡಿಸಿಬಿಟ್ಟಿದ್ದಾಳೆ; ಅದು ಆಚಾರ್ಯರಿಗೆ ತಿಳಿಯದು. ಮೂಲ ಸಮಸ್ಯೆ ಉಳಿದಿಲ್ಲದಿದ್ದರೂ ಮರಳುವಿಕೆಗೆ ಅರ್ಥ ತಪ್ಪುವುದಿಲ್ಲ. ಪುಟ್ಟನನ್ನು ಬಿಟ್ಟು ಅವರು ಗಾಡಿ ಹತ್ತುತ್ತಾರೆ. ಊರು ತಲುಪುವ ಮೊದಲೇ ಕಾದಂಬರಿ ನಿಲ್ಲುತ್ತದೆ. ಅಂತ್ಯ ಅಪೂರ್ಣವೆಂಬ ಆಕ್ಷೇಪ ಹಳೆಯದು. ಆದರೆ ಎತ್ತ ಹೋಗಬೇಕೆಂಬುದು ಗೊತ್ತಾಗಿ, ಹೋದ ಮೇಲೆ ಏನಾದೀತೆಂಬುದು ಗೊತ್ತಾಗದ ಆ ಕ್ಷಣವೇ ಕೃತಿಗೆ ಬೇಕಾದದ್ದು.

ಪ್ರಾಣೇಶಾಚಾರ್ಯರು ಕಲ್ಪಿತ ಪಾತ್ರ. ಬದುಕಿದ್ದ ಮನುಷ್ಯನೊಬ್ಬನ ಉದಾಹರಣೆ ಬೇಕೆಂದರೆ ಜತ್ತ ತಾಲೂಕಿನ ಗಡಿಯಿಂದ ತುಸು ಪೂರ್ವಕ್ಕೆ, ಚಡಚಣದ ಆಸುಪಾಸಿನ ಹಲಸಂಗಿಗೆ ಹೋಗಬೇಕು. ಅಲ್ಲಿಯ ಚೆನ್ನಮಲ್ಲಪ್ಪ ಗಲಗಲಿಯವರು (1903–1953) ಮಧುರಚೆನ್ನರೆಂದು ಪ್ರಸಿದ್ಧರು. ಅವರ ಶಾಲೆಯ ಓದು ಮುಲ್ಕಿ ಪರೀಕ್ಷೆಗೆ ಮುಗಿಯಿತು. ಇಂಗ್ಲಿಷನ್ನು ಸ್ವಂತ ಪ್ರಯತ್ನದಿಂದ ಕಲಿತರು. ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಆತ್ಮಕಥನಾತ್ಮಕ ಕೃತಿಗಳಲ್ಲಿ ಅವರು ದಾಖಲಿಸಿರುವುದು ತಮ್ಮ ಒಳಗಿನ ಪ್ರಯಾಣವನ್ನು. ಎಳವೆಯ ಭಕ್ತಿ ಸಂಶಯಕ್ಕೆ ಸಿಕ್ಕಿತು, ಸಂಶಯ ಬೆಳೆದು ನಾಸ್ತಿಕತೆಯಾಯಿತು. ನಂಬಿಕೆಯ ಕಟ್ಟು ಕಳಚಿದಾಗ ಹಗುರವಾಗಬೇಕಾದ ಮನಸ್ಸು ಕತ್ತಲಿಗೆ ಬಿತ್ತು. ಎರಡನೆಯ ಕೃತಿಯ ಹೆಸರೇ ಅದನ್ನು ಹೇಳುತ್ತದೆ. ಮುಂದೆ ಅವರಿಗೆ ಶ್ರೀ ಅರವಿಂದರಲ್ಲಿ ನೆಲೆ ಸಿಕ್ಕಿತು. ಸಾಹಿತ್ಯಚರಿತ್ರೆಗಳು ಈ ಅನುಭಾವದ ಎಳೆಯನ್ನೇ ಹಿಡಿದು ‘ನನ್ನ ನಲ್ಲ’ದ ಕವಿಯನ್ನು ವಿವರಿಸುತ್ತವೆ. ಅದು ಸರಿಯೇ, ಆದರೆ ಅದೇ ವರ್ಷಗಳಲ್ಲಿ ನಡೆದ ಇನ್ನೊಂದು ಕೆಲಸಕ್ಕೆ ಅಷ್ಟೇ ತೂಕವನ್ನು ಕೊಡಬೇಕು.

ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ — ಈ ಗೆಳೆಯರೊಂದಿಗೆ ಮಧುರಚೆನ್ನರು ಸುತ್ತಲಿನ ಊರುಗಳ ಹೆಣ್ಣುಮಕ್ಕಳ ಹಾಡುಗಳನ್ನು ಕೂಡಿಹಾಕಲು ತೊಡಗಿದರು. ‘ಗರತಿಯ ಹಾಡು’ (1931), ‘ಜೀವನ ಸಂಗೀತ’ (1933), ‘ಮಲ್ಲಿಗೆ ದಂಡೆ’ (1935) ಹಲಸಂಗಿ ಗೆಳೆಯರ ಈ ಶ್ರಮದ ಫಲಗಳು. ಅವರಿಗೆ ಯಾವ ವಿಶ್ವವಿದ್ಯಾಲಯವೂ ಕೆಲಸವನ್ನು ವಹಿಸಿರಲಿಲ್ಲ. ಜಾನಪದ ಎಂಬ ಶಾಸ್ತ್ರವೇ ಕಾಲೇಜುಗಳಲ್ಲಿ ಇರಲಿಲ್ಲ. ಪರಮಸತ್ಯ ಸಿಗುವವರೆಗೆ ಕಾಯದೆ, ಸತ್ಯಶೋಧನೆಯ ಜೊತೆಜೊತೆಗೇ, ಮನೆಯ ಬಾಗಿಲಲ್ಲಿ ಸಿಕ್ಕ ಕೆಲಸಕ್ಕೆ ಕೈಹಚ್ಚಿದ್ದು ಅವರ ವಿಶೇಷ. ಲಿಂಗಾಯತ, ಮುಸಲ್ಮಾನ ಎಂಬ ಭೇದವಿಲ್ಲದ ಆ ಗೆಳೆತನವೂ ಒಂದು ಬಗೆಯ ಹಾಸುನೂಲು: ಒಬ್ಬ ಸೋತ ದಿನ ಇನ್ನೊಬ್ಬ ಮುಂದಕ್ಕೆ ಒಯ್ಯುವಂಥದು.

ಅವರು ಸಂಗ್ರಹಿಸಿದ ತ್ರಿಪದಿಗಳಲ್ಲಿ ಬಹಳಷ್ಟು ಬೀಸುಕಲ್ಲಿನ ಮುಂದೆ ಹುಟ್ಟಿದವು. ಮರಾಠಿಯಲ್ಲಿ ಇದೇ ಸಂದರ್ಭದ ಹಾಡಿಗೆ ‘ಓವಿ’ ಎನ್ನುತ್ತಾರೆ. ಎರಡು ಭಾಷೆಯ ಮನೆಗಳಲ್ಲಿ ಒಂದೇ ಕಲ್ಲಿಗೆ ಎರಡೂ ಹಾಡುಗಳು ಸಂದಿವೆ. ಕೈ ಗೂಟಕ್ಕೆ ಕಟ್ಟುಬಿದ್ದಾಗ ದನಿ ತವರಿಗೆ, ಅಣ್ಣನ ಬಳಿಗೆ, ದೇವರವರೆಗೆ ಹೋಗಿಬಂದಿತು. ಇದನ್ನು ಕಂಡು ದುಡಿಮೆಯ ಕಟ್ಟನ್ನು ಕೊಂಡಾಡಲು ಹೊರಡುವುದು ಮಾತ್ರ ತಪ್ಪು. ಬೆಳ್ಳಿ ಮೂಡುವ ಮೊದಲೇ ಎದ್ದು ಬೀಸಿದ ಆ ತಾಯಂದಿರಿಗೆ ಬೇರೆ ಆಯ್ಕೆಯಿರಲಿಲ್ಲ. ಹಾಡಿನಲ್ಲಿ ಅದರ ನೋವೂ ಇದೆ. ಹಿಟ್ಟಿನ ಗಿರಣಿ ಬಂದು ಅವರ ರಟ್ಟೆಗೆ ಬಿಡುವು ಸಿಕ್ಕಿತು, ಅದು ಒಳ್ಳೆಯದೇ ಆಯಿತು. ಹಾಡು ನಿಂತಿತು. ನಿಲ್ಲುವ ಮುನ್ನ ಯಾರಾದರೂ ಬರೆದಿಟ್ಟುಕೊಳ್ಳಬೇಕಿತ್ತು. ಹಲಸಂಗಿಯ ನಾಲ್ವರು ಯುವಕರು ಆ ಬೇಡಿಕೆಯನ್ನು ಯಾರೂ ಹೇಳದೆ ಕೇಳಿಸಿಕೊಂಡರು. ಅಲ್ಲಿ ಆಯ್ಕೆಯಿಲ್ಲದವರ ಹಾಡು ಆಯ್ಕೆಯಿದ್ದವರ ಕೆಲಸವಾಯಿತು.

ಶರಣರ ಕಥನಗಳಲ್ಲಿಯೂ ಈ ಜಾಡು ಸಿಗುತ್ತದೆ. ಹುಟ್ಟಿನ ಹಂಗನ್ನು ಹರಿದವರು ಕಾಯಕವನ್ನು ಬಿಡಲಿಲ್ಲ. ಆಯ್ದಕ್ಕಿ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಮರಳಿ ಸುರಿದು ಬರಲು ಹೇಳಿದ ಪ್ರಸಂಗವನ್ನು ಬಡತನದ ಮಹಿಮೆಯೆಂದು ಓದುವುದು ರೂಢಿ. ಇಷ್ಟು ಸಾಕು ಎಂಬ ಗೆರೆಯನ್ನು ಯಾರೂ ಎಳೆಯದಿದ್ದಾಗ ತಾನೇ ಎಳೆದುಕೊಂಡವಳ ಸ್ವಾತಂತ್ರ್ಯವೆಂದೂ ಅದನ್ನು ಓದಬಹುದು. ಈ ವಿಷಯಕ್ಕೆ ಪ್ರತ್ಯೇಕ ಪಾಠವೇ ಬೇಕು.

ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಮಹಾರಾಷ್ಟ್ರದ ನೆಲದಲ್ಲಿ ಕಾದಿರುವ ಕೆಲಸಗಳು ಯಾವುವು ಎಂದರೆ ಉತ್ತರ ದೂರದಲ್ಲಿಲ್ಲ. ಜತ್ತ ತಾಲೂಕಿನಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಅಲ್ಲಿಯ ಮಕ್ಕಳಿಗೆ ಎರಡೂ ಭಾಷೆ ಬಲ್ಲ ಶಿಕ್ಷಕರು ಬೇಕು. ಕಚೇರಿಯ ಮರಾಠಿ ಕಾಗದವನ್ನು ಕನ್ನಡದಲ್ಲಿ ತಿಳಿಸಿ ಹೇಳುವವರು ಬೇಕೆಂದು ಕಾಯುವ ಮುದುಕರಿದ್ದಾರೆ. ಎರಡೂ ಭಾಷೆಗಳ ಹಾಡುಗಳನ್ನು ಬಲ್ಲ ಅಜ್ಜಿಯರಿದ್ದಾರೆ. ಅವರ ಸಂಖ್ಯೆ ವರ್ಷವರ್ಷಕ್ಕೆ ಇಳಿಯುತ್ತಿದೆ. ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯವರು ಕನ್ನಡದ ಕವಿಯಾಗಿ ಬೆಳೆದು, 1944ರಿಂದ 1956ರವರೆಗೆ ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಲೇ ಮರಾಠಿಯಲ್ಲಿಯೂ ಬರೆದರೆಂಬುದು ಎರಡು ಭಾಷೆಯ ನಡುವೆ ತೊಳಲುವವರಿಗೆ ನೆನಪಿರಲಿ.

ದೀಪಾವಳಿ ರಜೆಯ ಅಭ್ಯಾಸಕ್ಕಾಗಿ ಎರಡು ಕೆಲಸಗಳು. ಮೊದಲನೆಯದು: ‘ಸಂಸ್ಕಾರ’ದ ಕೊನೆಯ ಭಾಗವನ್ನು ಮತ್ತೆ ಓದಿ, ಪ್ರಾಣೇಶಾಚಾರ್ಯರನ್ನು ಯಾರಾದರೂ ಪ್ರಶ್ನೆ ಕೇಳುವ ಸ್ಥಳಗಳನ್ನೆಲ್ಲ ಗುರುತಿಸಿ, ಅವರು ಎಲ್ಲಿ ನಿಜ ಹೇಳುತ್ತಾರೆ, ಎಲ್ಲಿ ಮರೆಸುತ್ತಾರೆ ಎಂದು ಟಿಪ್ಪಣಿ ಬರೆಯಬೇಕು. ಎರಡನೆಯದು: ತಮ್ಮ ಊರಿನ ಹಿರಿಯ ಹೆಣ್ಣುಮಗಳೊಬ್ಬರಿಂದ ಐದು ಬೀಸುವ ಹಾಡುಗಳನ್ನಾಗಲಿ ಓವಿಗಳನ್ನಾಗಲಿ ಕೇಳಿ, ಅವರು ಉಚ್ಚರಿಸಿದಂತೆಯೇ ಬರೆದುಕೊಳ್ಳಬೇಕು, ಶಿಷ್ಟಭಾಷೆಗೆ ತಿದ್ದಬಾರದು. ವಳಸಂಗದ ವಿದ್ಯಾರ್ಥಿಗಳು ಹಾಡಿದವರ ತವರೂರು ಯಾವುದೆಂಬುದನ್ನೂ ಬರೆಯಬೇಕು, ಏಕೆಂದರೆ ಹಾಡುಗಳು ಮದುವೆಯಾಗಿ ಬಂದ ಸೊಸೆಯರ ಜೊತೆಗೇ ಗಡಿಯನ್ನು ದಾಟಿವೆ. ಬೆಳಗಿನ ಹೊತ್ತು ಹೋದರೆ ಕೆಲಸದ ಗಡಿಬಿಡಿಯಿರುತ್ತದೆ. ಊಟವಾದ ಮೇಲೆ, ಮಧ್ಯಾಹ್ನ ಹೋಗುವುದು ಉಚಿತ.